1453ಕ್ಕೂ ಮೊದಲೇ ಹೊರಟಿದ್ದ ಹಡಗುಗಳು

ಯುರೋಪಿನವರು ಸಮುದ್ರಯಾನಕ್ಕೆ ಯಾಕೆ ಹೊರಟರು ಅಂತ ಕೇಳಿದರೆ ನನ್ನ ತರಗತಿಯ ಎಲ್ಲ ಬೆಂಚಿನಿಂದಲೂ ಒಂದೇ ಉತ್ತರ. "1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ದಾರಿ ಮುಚ್ಚಿತು, ಮೆಣಸು ಸಿಗದಂತಾಯಿತು, ಅದಕ್ಕೇ ಹೊಸ ದಾರಿ ಹುಡುಕಿದರು." ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರೂ ಇದನ್ನೇ ಬರೆಯುತ್ತಾರೆ. ಇತಿಹಾಸ ಪಾಠ ಮಾಡುವ ನನಗೆ ಈ ವಾಕ್ಯ ಕಂಡರೆ ತಾಳ್ಮೆ ಕೆಡುತ್ತದೆ. ಗಾಮ, ಕೊಲಂಬಸ್ ಕಥೆ ಎಲ್ಲರಿಗೂ ಗೊತ್ತಿದೆ, ಬಿಡಿ. ಇಸವಿಗಳನ್ನು ಮಾತ್ರ ನೋಡೋಣ.

ಪೋರ್ಚುಗೀಸರು ಆಫ್ರಿಕಾದ ಉತ್ತರ ತುದಿಯ ಸೇವ್ಟಾ ಊರನ್ನು ಗೆದ್ದದ್ದು 1415ರಲ್ಲಿ. ಮದೇರಾ ದ್ವೀಪಕ್ಕೆ ಜನ ಕಳಿಸಿ ಬೇಸಾಯ ಶುರು ಮಾಡಿದ್ದು 1420ರ ದಶಕದಲ್ಲಿ. ಅದರಾಚೆ ಹೋದರೆ ವಾಪಸ್ ಬರೋಕಾಗಲ್ಲ ಅಂತ ನಾವಿಕರು ಹೆದರುತ್ತಿದ್ದ, ಆಫ್ರಿಕಾದ ಪಶ್ಚಿಮ ತೀರದ ಬೋಜದೋರ್ ಭೂಶಿರವನ್ನು ಪೋರ್ಚುಗೀಸ್ ನಾವಿಕ ಜಿಲ್ ಇಯಾನಿಶ್ ದಾಟಿದ್ದು 1434ರಲ್ಲಿ. 1444ರಲ್ಲಿ ಆಫ್ರಿಕಾದ 235 ಮಂದಿಯನ್ನು ಹಿಡಿದು ತಂದು ಪೋರ್ಚುಗಲ್ಲಿನ ಲಾಗೋಸ್‌ನಲ್ಲಿ ಗುಲಾಮರಾಗಿ ಹಂಚಿಕೊಂಡರು. ತಾಯಿ ಮಕ್ಕಳನ್ನು ಬೇರೆ ಮಾಡಿದರು ಎಂದು ಅವರದೇ ಆಸ್ಥಾನದ ಚರಿತ್ರೆಕಾರ ಜುರಾರ ಬರೆದಿದ್ದಾನೆ. ಇಷ್ಟೆಲ್ಲ ಆದಾಗ ಕಾನ್‌ಸ್ಟಾಂಟಿನೋಪಲ್ ಇನ್ನೂ ಬಿದ್ದೇ ಇರಲಿಲ್ಲ. ಕಾರಣ ಆಮೇಲೆ ಬಂದು ಪರಿಣಾಮ ಮೊದಲೇ ಬರಲು ಸಾಧ್ಯವಿಲ್ಲ, ಅಲ್ವಾ?

ಇನ್ನು ಮೆಣಸಿನ ವಿಷಯ. ನಮ್ಮ ಕರಾವಳಿಯ ಮೆಣಸು ಯುರೋಪಿಗೆ ಹೆಚ್ಚಾಗಿ ಹೋಗುತ್ತಿದ್ದದ್ದು ಕೆಂಪು ಸಮುದ್ರ, ಕೈರೋ, ಅಲೆಕ್ಸಾಂಡ್ರಿಯ ದಾರಿಯಲ್ಲಿ. ಕೊಳ್ಳುತ್ತಿದ್ದವರು ವೆನಿಸಿನ ವರ್ತಕರು. ಈಜಿಪ್ಟ್ ಆಗ ಮಮ್ಲೂಕ್ ಸುಲ್ತಾನರ ಕೈಯಲ್ಲಿತ್ತು. ಟರ್ಕರು ಅದನ್ನು ಗೆದ್ದದ್ದು 1517ರಲ್ಲಿ, ಗಾಮ ಕಲ್ಲಿಕೋಟೆಗೆ ಬಂದು 19 ವರ್ಷ ಕಳೆದ ಮೇಲೆ! 1453 ಆದ ಮೇಲೂ ವೆನಿಸಿನ ಹಡಗುಗಳು ಅಲೆಕ್ಸಾಂಡ್ರಿಯಕ್ಕೆ ಹೋಗಿ ಮೆಣಸು ತುಂಬಿಕೊಂಡು ಬರುತ್ತಲೇ ಇದ್ದವು.

ಹಾಗಾದರೆ ಮೊದಲು ಏನು ಹುಡುಕಿ ಹೊರಟರು? ನನ್ನ ಮಟ್ಟಿಗೆ ಮುಖ್ಯ ಉತ್ತರ ಚಿನ್ನ. ಪಶ್ಚಿಮ ಆಫ್ರಿಕಾದ ಚಿನ್ನ ಒಂಟೆಗಳ ಮೇಲೆ ಸಹಾರಾ ದಾಟಿ ಉತ್ತರದ ಊರುಗಳಿಗೆ ಬರುತ್ತಿತ್ತು. ಯುರೋಪಿನಲ್ಲಿ ಚಿನ್ನ ಬೆಳ್ಳಿಯ ನಾಣ್ಯಕ್ಕೆ ಬರ ಬಂದಿದ್ದ ಕಾಲವದು. ಸೇವ್ಟಾ ಗೆದ್ದರೆ ಚಿನ್ನ ಕೈಗೆ ಬರುತ್ತದೆ ಅಂದುಕೊಂಡವರೂ ಇದ್ದರು. ಆದರೆ ವ್ಯಾಪಾರಿಗಳು ಬೇರೆ ಊರಿನ ಕಡೆ ತಿರುಗಿದರು. ಮರಳುಗಾಡನ್ನು ಬಿಟ್ಟು, ಅದನ್ನು ಸುತ್ತಿಕೊಂಡು ಸಮುದ್ರದ ಮೂಲಕವೇ ಚಿನ್ನದ ನಾಡಿಗೆ ಹೋಗುವ ಆಸೆ ಬಲವಾಯಿತು. 1457ರಲ್ಲಿ ಪೋರ್ಚುಗಲ್ ತನ್ನ ಕ್ರುಜಾದೋ ನಾಣ್ಯವನ್ನು ಆಫ್ರಿಕಾದ ಚಿನ್ನದಲ್ಲೇ ಹೊಡೆಸಿತು.

ಮಕ್ಕಳಿಗೆ ನಾನು ತಪ್ಪದೆ ಹೇಳುವುದು ಫೆರ್ನಾವ್ ಗೋಮಿಶ್‌ನ ಗುತ್ತಿಗೆ. ಅವನು ಲಿಸ್ಬನ್ನಿನ ಒಬ್ಬ ವ್ಯಾಪಾರಿ. 1469ರಲ್ಲಿ ರಾಜ ಅವನಿಗೆ ಪಶ್ಚಿಮ ಆಫ್ರಿಕಾದ ಗಿನಿ ತೀರದ ವ್ಯಾಪಾರ ಬಿಟ್ಟುಕೊಟ್ಟ. ಪ್ರತಿಯಾಗಿ ಅವನು ವರ್ಷಕ್ಕೆ 2 ಲಕ್ಷ ರೇಯಿಶ್ (ಆಗಿನ ಪೋರ್ಚುಗಲ್ಲಿನ ಹಣ) ಕೊಡಬೇಕು, ಜೊತೆಗೆ ವರ್ಷಕ್ಕೆ 100 ಲೀಗ್ ಹೊಸ ತೀರ ಹುಡುಕಬೇಕು. ಅಂದರೆ 500 ಕಿಲೋಮೀಟರಿಗೂ ಜಾಸ್ತಿ. ಗುತ್ತಿಗೆದಾರನಿಗೆ ರಸ್ತೆ ಕೆಲಸ ಕೊಟ್ಟ ಹಾಗೆ! 1471ರಲ್ಲಿ ಅವನ ಜನ ಚಿನ್ನ ಸಿಗುವ ತೀರ ಮುಟ್ಟಿದರು. 1482ರಲ್ಲಿ ರಾಜ ಅಲ್ಲೇ ಎಲ್ಮಿನಾ ಕೋಟೆ ಕಟ್ಟಿಸಿದ. ಒಂದೊಂದು ಹೆಜ್ಜೆಯ ಲಾಭ ಮುಂದಿನ ಹೆಜ್ಜೆಗೆ ಬಂಡವಾಳ. ಇಂಡಿಯಾಕ್ಕೆ ಹೋಗಬೇಕು ಅಂತ ಒಂದು ದಿನ ಎದ್ದು ಹೊರಟವರಲ್ಲ ಅವರು.

ಚಿನ್ನ ಒಂದೇ ಕಾರಣ ಅಂತಲೂ ಬರೆಯಬೇಡಿ. ಆಫ್ರಿಕಾದ ತೀರಕ್ಕೆ ಪೋರ್ಚುಗಲ್ಲಿನ ರಾಜಕುಮಾರ ಹೆನ್ರಿ ಯಾಕೆ ಹಡಗು ಕಳಿಸಿದ ಅಂತ ಜುರಾರ ಪಟ್ಟಿ ಮಾಡುತ್ತಾನೆ. ಆಚೆ ಏನಿದೆ ಅಂತ ತಿಳಿಯಬೇಕು, ವ್ಯಾಪಾರಕ್ಕೆ ಬಂದರು ಬೇಕು, ಮುಸ್ಲಿಮರ ಬಲ ಅಳೆಯಬೇಕು, ಅವರ ವಿರುದ್ಧ ಜೊತೆಗೆ ನಿಲ್ಲುವ ಕ್ರಿಶ್ಚಿಯನ್ ರಾಜ ಸಿಗಬೇಕು, ಧರ್ಮ ಹರಡಬೇಕು. ಮೆಣಸಿನ ಸುದ್ದಿ ಅದರಲ್ಲಿಲ್ಲ. 1453ರಿಂದ ಏನೂ ಆಗಲಿಲ್ಲ ಅಂತಲೂ ನಾನು ಹೇಳುವುದಿಲ್ಲ. ಕಪ್ಪು ಸಮುದ್ರದಲ್ಲಿ ಇಟಲಿಯ ಜಿನೋವಾ ನಗರದವರ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಅವರ ಗಮನ ಪಶ್ಚಿಮದ ಕಡೆ ಇನ್ನಷ್ಟು ತಿರುಗಲು ಅದೂ ಒಂದು ಕಾರಣ ಆಗಿರಬಹುದು.

ಇದನ್ನೆಲ್ಲ ಕೇಳಿದ ಮೇಲೆ ಒಬ್ಬ ಹುಡುಗಿ ಎದ್ದು, "ಸಾರ್, ಹಾಗಾದ್ರೆ ಪರೀಕ್ಷೇಲಿ 1453 ಬರೀಬೇಕೋ ಬೇಡ್ವೋ?" ಅಂದಳು. ಅವಳ ಆತಂಕ ನನಗೆ ಅರ್ಥವಾಗುತ್ತದೆ. ಒಂದು ಅಂಕಕ್ಕೆ ಕೆಲಸ ತಪ್ಪಿದವರನ್ನು ನೋಡಿದ್ದೇನೆ. ಬರೆಯಮ್ಮಾ, ಆದರೆ 1415ರಿಂದ ಶುರು ಮಾಡು, 1453 ನಡುವೆ ಬರಲಿ ಅಂದೆ.

ಮೆಣಸು ನಿಜವಾದ ಗುರಿಯಾದದ್ದು 1480ರ ದಶಕದಲ್ಲಿ, ಎರಡನೇ ಜುವಾವ್ ರಾಜನ ಕಾಲಕ್ಕೆ. 1487ರಲ್ಲಿ ಅವನು ಪೇರೋ ದ ಕೊವಿಲ್ಯಾ ಎಂಬ ಗೂಢಚಾರನನ್ನು ನಮ್ಮ ಕಡೆಗೆ ಕಳಿಸಿದ. ಅವನು ಜೇನುತುಪ್ಪ ಮಾರುವ ವ್ಯಾಪಾರಿಯ ವೇಷ ಹಾಕಿ ಅಲೆಕ್ಸಾಂಡ್ರಿಯಕ್ಕೆ ಬಂದ. ಅಲ್ಲಿಂದ ಕೈರೋ, ಏಡನ್ ಹಾದು ಕಣ್ಣೂರು, ಕಲ್ಲಿಕೋಟೆ, ಗೋವೆ ನೋಡಿ ಕೈರೋಗೆ ಮರಳಿದ. 1453ರಲ್ಲೇ ಮುಚ್ಚಿಹೋಯಿತು ಅಂತ ನಮ್ಮ ಮಕ್ಕಳು ಬರೆಯುತ್ತಾರಲ್ಲ, ಅವನು ಬಂದು ಹೋದದ್ದು ಅದೇ ಮೆಣಸಿನ ದಾರಿಯಲ್ಲಿ.