ಮೈಕ್ರೋವೇವ್‌ನಲ್ಲಿ ಯಾರೂ ಮುಟ್ಟದ ಬಟನ್

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಓವನ್ ರಿಪೇರಿಗೆ ಹೋದಾಗ ಮನೆಯವರನ್ನು ನಾನು ತಪ್ಪದೆ ಕೇಳುವುದು ಇಷ್ಟು: ಪವರ್ ಬಟನ್ ಬಳಸುತ್ತೀರಾ? ಹೆಚ್ಚಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಸ್ಟಾರ್ಟ್ ಒತ್ತುತ್ತಾರೆ, ಓವನ್ ಪೂರ್ತಿ ಪವರ್‌ನಲ್ಲಿ ಓಡುತ್ತದೆ. ಮೇಲಾರ (ಮಜ್ಜಿಗೆ ಹುಳಿ) ಒಡೆಯುತ್ತದೆ, ಪತ್ರೊಡೆಯ ಅಂಚು ರಬ್ಬರಿನಂತಾಗುತ್ತದೆ, ನಡುಭಾಗ ಮಾತ್ರ ತಣ್ಣಗೇ ಉಳಿಯುತ್ತದೆ.

ಕಾರಣ ಸರಳ. ಓವನ್‌ನ ಮ್ಯಾಗ್ನೆಟ್ರಾನ್ 2450 ಮೆಗಾಹರ್ಟ್ಸ್ ಅಲೆಗಳನ್ನು ಹೊರಡಿಸುತ್ತದೆ. ಅವು ಮುಖ್ಯವಾಗಿ ಆಹಾರದಲ್ಲಿರುವ ನೀರನ್ನು ಬಿಸಿ ಮಾಡುತ್ತವೆ, ಆದರೆ ಒಳಗೆ ಇಳಿಯುವುದು ಎರಡು ಮೂರು ಸೆಂಟಿಮೀಟರ್ ಅಷ್ಟೆ. ನಡುಭಾಗಕ್ಕೆ ಶಾಖ ನಿಧಾನವಾಗಿ ಹರಿದೇ ಹೋಗಬೇಕು. ಅದಕ್ಕೆ ಸಮಯ ಕೊಡುವುದೇ ಪವರ್ ಬಟನ್‌ನ ಕೆಲಸ. ಸಾಮಾನ್ಯ ಓವನ್‌ನಲ್ಲಿ 50% ಅಂದರೆ ಮ್ಯಾಗ್ನೆಟ್ರಾನ್ ಅರ್ಧ ಹೊತ್ತು ಉರಿದು, ಅರ್ಧ ಹೊತ್ತು ಸುಮ್ನಿರುತ್ತದೆ. ಕಿವಿಗೊಟ್ಟರೆ ಸದ್ದು ಬದಲಾಗುವುದು ಕೇಳುತ್ತದೆ. ಇನ್ವರ್ಟರ್ ಮಾದರಿಯಲ್ಲಿ ಮಾತ್ರ ಪವರ್ ನಿಜಕ್ಕೂ ತಗ್ಗುತ್ತದೆ.

ಫ್ರಿಜ್‌ನಲ್ಲಿಟ್ಟ ಪತ್ರೊಡೆಯನ್ನೋ ಹಲಸಿನ ಕೊಟ್ಟಿಗೆಯನ್ನೋ (ಕಡುಬು) ಹೋಳು ಮಾಡಿ, ತಟ್ಟೆಯ ಅಂಚಿನಲ್ಲಿ ಸುತ್ತಲೂ ಜೋಡಿಸಿ. ನಡುವೆ ಖಾಲಿ ಬಿಡಿ. ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ, 50%ರಲ್ಲಿ ಎರಡು ಮೂರು ನಿಮಿಷ ಇಡಿ. ಆಮೇಲೆ ಎರಡು ನಿಮಿಷ ಹಾಗೇ ಬಿಡಿ. ಹಬೆ ಪಾತ್ರೆಯಿಂದ ಆಗಷ್ಟೇ ಇಳಿಸಿದ ಹಾಗೆ ಮೆತ್ತಗಿರುತ್ತದೆ. ಮೇಲಾರಕ್ಕೆ ಇನ್ನೂ ಕಡಿಮೆ ಪವರ್ ಸಾಕು, ನಡುವೆ ಒಮ್ಮೆ ತಿರುವಬೇಕು. ಹಪ್ಪಳಕ್ಕೆ ಮಾತ್ರ ಪೂರ್ತಿ ಪವರ್. ಎಣ್ಣೆ ಬೇಡ, ಸುಮಾರು ಅರ್ಧ ನಿಮಿಷ ಸಾಕು. ಹಲಸಿನ ಹಪ್ಪಳ ಬೇಗ ಕರಕಲಾಗುತ್ತದೆ, ಎದುರಿಗೇ ನಿಂತಿರಿ.

ಕುಚ್ಚಲಕ್ಕಿ ಗಂಜಿಯನ್ನು ಇದರಲ್ಲಿ ಮಾಡಬೇಡಿ. ಅದು ಬೇಯಲು ತುಂಬ ಹೊತ್ತು ಬೇಕು, ಒಲೆ ಅಥವಾ ಕುಕ್ಕರೇ ಸರಿ. ಒಗ್ಗರಣೆಯೂ ಅಷ್ಟೆ. ಎಣ್ಣೆ ಈ ಅಲೆಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ಸಾಸಿವೆ ಬೇಗ ಸಿಡಿಯುವುದಿಲ್ಲ. ಚಿಪ್ಪಿರುವ ಮೊಟ್ಟೆ ಇಟ್ಟರೆ ಸಿಡಿಯುತ್ತದೆ. ಮಗುವಿನ ಹಾಲು ಇಡಲೇಬೇಡಿ. ಬಾಟಲಿ ಹೊರಗೆ ಉಗುರು ಬೆಚ್ಚಗಿದ್ದರೂ ಒಳಗೆ ಒಂದು ಕಡೆ ಬಾಯಿ ಸುಡುವಷ್ಟು ಬಿಸಿ ಇರಬಹುದು.

ಇನ್ನು ಕೊಳ್ಳುವ ವಿಚಾರ. ಇದ್ದದ್ದನ್ನು ಬಿಸಿ ಮಾಡಲು, ತರಕಾರಿ ಬೇಯಿಸಲು ಸೋಲೋ, ಅಂದರೆ ಬರೀ ಮೈಕ್ರೋವೇವ್ ಇರುವ ಮಾದರಿ ಸಾಕು. ಮೂರು ನಾಲ್ಕು ಜನರಿಗೆ 20ರಿಂದ 23 ಲೀಟರ್ ನೋಡಿ. ಕೇಕ್, ಬಿಸ್ಕೆಟ್ ಮಾಡುವ ಆಸೆ ನಿಜಕ್ಕೂ ಇದ್ದರೆ ಮಾತ್ರ ಬಿಸಿ ಗಾಳಿಯಲ್ಲೂ ಬೇಯಿಸುವ ಕನ್ವೆಕ್ಷನ್ ಮಾದರಿ ತೆಗೆದುಕೊಳ್ಳಿ. ದುಬಾರಿ ಕನ್ವೆಕ್ಷನ್ ಓವನ್ ಬರೀ ಸಾಂಬಾರು ಬಿಸಿ ಮಾಡುತ್ತಾ ಕೂತಿರುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮೆನು ಎಷ್ಟಿದೆ ಅಂತ ಎಣಿಸಬೇಡಿ, ಔಟ್‌ಪುಟ್ ವ್ಯಾಟ್, ಅಂದರೆ ಆಹಾರ ಬಿಸಿ ಮಾಡಲು ಸಿಗುವ ಪವರ್ ಎಷ್ಟು ಅಂತ ಕೇಳಿ. 800 ವ್ಯಾಟ್ ಔಟ್‌ಪುಟ್ ಇರುವ ಓವನ್ ಸುಮಾರು 1200ರಿಂದ 1300 ವ್ಯಾಟ್ ಕರೆಂಟ್ ಎಳೆಯುತ್ತದೆ. ಕನ್ವೆಕ್ಷನ್ ಆದರೆ 2000 ದಾಟಬಹುದು. ಹಳೆಯ ಅಡುಗೆಮನೆಗಳಲ್ಲಿ ಇರುವುದು ಮಿಕ್ಸಿಗೆ ಹಾಕಿಸಿದ 6 ಆಂಪಿಯರ್ ಸಾಕೆಟ್ ಅಲ್ವಾ? ಓವನ್‌ಗೆ 16 ಆಂಪಿಯರ್ ಬೇಕು.

ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ತೋಟದ ಮನೆಗಳಲ್ಲಿ ಬೇಸಿಗೆಯಲ್ಲಿ ಪಂಪ್‌ಗಳು ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಆಗ ಓವನ್ ಕೆಟ್ಟಿದೆ ಅಂತ ಫೋನ್ ಬರುತ್ತದೆ. ನೀವೇ ನೋಡಬಹುದು. ಒಂದು ಲೀಟರ್ ತಣ್ಣೀರನ್ನು ಪೂರ್ತಿ ಪವರ್‌ನಲ್ಲಿ ಒಂದು ನಿಮಿಷ ಇಡಿ. ಏರಿದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 70 ವ್ಯಾಟ್ ಲೆಕ್ಕ. 10 ಡಿಗ್ರಿ ಏರಿದರೆ 700 ವ್ಯಾಟ್. ರಾತ್ರಿ ಸರಿಯಾಗಿ ಬಂದು ಹಗಲು ತೀರಾ ಕಡಿಮೆ ಬಂದರೆ, ದೋಷ ಲೈನಿನದು. ಸ್ಟೆಬಿಲೈಜರ್ ಹಾಕಿಸಿ.

ಒಳಗೆ ಕಿಡಿ ಹಾರುತ್ತದೆ ಎಂಬ ದೂರಿಗೆ ಸಾಮಾನ್ಯವಾಗಿ ಕಾರಣ ಒಳಗೋಡೆಯ ಮೈಕಾ ಹಾಳೆ. ರಟ್ಟಿನ ಹಾಗೆ ಕಾಣುವ ಅದರ ಮೇಲೆ ಸಾರು, ಎಣ್ಣೆ ಸಿಡಿದು ಕರಕಲಾಗುತ್ತದೆ. ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ. ತೂತಾಗಿದ್ದರೆ ಬದಲಿಸಬೇಕು, ದೊಡ್ಡ ಖರ್ಚೇನಲ್ಲ. ಆದರೆ ಹೊರ ಕವಚವನ್ನು ನೀವಾಗಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಹಿಡಿದಿಡುವ ಕೆಪ್ಯಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ತುಲಾವರ್ಷದ (ಹಿಂಗಾರು ಮಳೆಯ) ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.