ಯಾವ ಸಿವ್ ಬಲ? ಶುರು ಎಲ್ಲಿಂದ ಅಂತ ಮೊದಲು ಕೇಳಿ

‘ಏಜ್ ಆಫ್ ಎಂಪೈರ್ಸ್ 2’ ಎಂಬ ಕಂಪ್ಯೂಟರ್ ಯುದ್ಧದಾಟ ಆಡುವವರು ಇಬ್ಬರು ಸೇರಿದರೆ ಯಾವ ಸಿವ್ (ಆಡಲು ಆರಿಸಿಕೊಳ್ಳುವ ನಾಗರಿಕತೆ) ಜಾಸ್ತಿ ಬಲ ಅನ್ನೋ ಮಾತು ಬಂದೇ ಬರುತ್ತದೆ. ಒಬ್ಬರು ಚೈನೀಸ್ ಅಂತಾರೆ, ಇನ್ನೊಬ್ಬರು ಹನ್ಸ್ ಅಂತಾರೆ. ಇಬ್ಬರ ಮಾತೂ ನಿಜವೇ ಇರಬಹುದು. ಆಟ ಶುರುವಾದಾಗ ಕೈಯಲ್ಲಿ ಏನಿತ್ತು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

1999ರಲ್ಲಿ ಬಂದ ಈ ಆಟದಲ್ಲಿ ಶುರುವಿನಲ್ಲಿ ಸಾಮಾನ್ಯವಾಗಿ ಸಿಗುವುದು ಆಹಾರ, ಮರ ಕೂಡಿಸುವ ಮೂವರು ವಿಲೇಜರ್‌ಗಳು, ಸುತ್ತಲಿನ ಜಾಗ ನೋಡಿಬರುವ ಒಬ್ಬ ಸ್ಕೌಟ್, ತಲಾ 200 ಆಹಾರ, ಮರ, ಕಲ್ಲು, ಜೊತೆಗೆ 100 ಚಿನ್ನ. ಚೈನೀಸ್‌ಗೆ ಮಾತ್ರ ಆರು ವಿಲೇಜರ್‌ಗಳು. ಆದರೆ ಮರ 50 ಕಡಿಮೆ, ಆಹಾರ ಸೊನ್ನೆ.

ಲೆಕ್ಕ ಹಾಕಿ ನೋಡಿ. ಟೌನ್ ಸೆಂಟರ್ ಎಂಬ ಮುಖ್ಯ ಕಟ್ಟಡದಲ್ಲಿ ಒಬ್ಬ ವಿಲೇಜರ್ ತಯಾರಾಗಲು 50 ಆಹಾರ, 25 ಸೆಕೆಂಡು ಬೇಕು. ಅಂದರೆ ಚೈನೀಸ್‌ಗೆ ಟೌನ್ ಸೆಂಟರ್‌ನ 75 ಸೆಕೆಂಡಿನ ಕೆಲಸ ಪುಕ್ಕಟೆ ಸಿಕ್ಕ ಹಾಗಾಯಿತು. ಆದರೆ ಆಹಾರ ಇಲ್ಲದೆ ಮುಂದಿನ ವಿಲೇಜರ್ ಹುಟ್ಟುವುದೇ ಇಲ್ಲ. ತಕ್ಷಣ ಕುರಿ ಹುಡುಕಬೇಕು, ಟೌನ್ ಸೆಂಟರ್ ಪಕ್ಕದಲ್ಲೇ ಕಡಿಯಬೇಕು, ಮಾಂಸವನ್ನು ಸ್ವಲ್ಪ ಸ್ವಲ್ಪವೇ ಒಳಗೆ ಹಾಕಬೇಕು. ಕೈ ಪಳಗಿದವರು ಇದನ್ನೆಲ್ಲ ಚಕಚಕ ಮುಗಿಸಿ ಮುಂದಿರುತ್ತಾರೆ. ಹೊಸಬರ ಟೌನ್ ಸೆಂಟರ್ ಸುಮ್ನೆ ನಿಂತಿರುತ್ತದೆ, ಆ 75 ಸೆಕೆಂಡು ಅಲ್ಲೇ ಕರಗಿಹೋಗುತ್ತದೆ. ಒಂದೇ ಸಿವ್ ಒಬ್ಬರಿಗೆ ವರ, ಇನ್ನೊಬ್ಬರಿಗೆ ಹೊರೆ. ನನಗೆ ಇದು ಈ ಆಟದ ಅತ್ಯಂತ ಜಾಣ ವಿನ್ಯಾಸ ಅನಿಸುತ್ತದೆ.

2000ದಲ್ಲಿ ಹನ್ಸ್ ಆಟಕ್ಕೆ ಬಂದರು. ಜನ, ಸೈನ್ಯ ಹೆಚ್ಚಿಸಲು ಬೇರೆಯವರೆಲ್ಲ ಮನೆ ಕಟ್ಟಲೇಬೇಕು; ಅವರಿಗೆ ಆ ಗೋಜೇ ಇಲ್ಲ, ಅದಕ್ಕೆ ಬದಲಾಗಿ ಶುರುವಿನಲ್ಲೇ 100 ಮರ ಕಡಿತ. ಡೆತ್‌ಮ್ಯಾಚ್ ಎಂಬ ಮೋಡ್‌ನಲ್ಲಿ 20,000 ಆಹಾರ, 20,000 ಮರ ಮೊದಲೇ ಸಿಗುವುದರಿಂದ ಆ ಕಡಿತ ಲೆಕ್ಕಕ್ಕೇ ಬರುವುದಿಲ್ಲ. ಬೇರೆಯವರು ಸಾಲುಸಾಲು ಮನೆ ಎಬ್ಬಿಸುವಾಗ ಹನ್ಸ್ ಸೈನ್ಯ ಕಟ್ಟುತ್ತಿರುತ್ತಾರೆ. ಚೈನೀಸ್‌ನ ಮೂವರು ಹೆಚ್ಚುವರಿ ವಿಲೇಜರ್‌ಗಳಿಗೆ ಅಲ್ಲಿ ಅಂಥ ಬೆಲೆಯೇನಿಲ್ಲ.

ಆಮೇಲೆ ಆಟದ ಹೊಸ ಆವೃತ್ತಿಗಳಾದ 2013ರ ಎಚ್‌ಡಿ, 2019ರ ಡೆಫಿನಿಟಿವ್ ಎಡಿಶನ್, ಆಟವನ್ನು ತಿದ್ದುವ ಸಾಲುಸಾಲು ಪ್ಯಾಚ್‌ಗಳು. ಲಿಥುವೇನಿಯನ್ಸ್ ಎಂಬ ಸಿವ್‌ಗೆ ಶುರುವಿನಲ್ಲಿ ಸಿಗುತ್ತಿದ್ದ 150 ಹೆಚ್ಚುವರಿ ಆಹಾರ ಮುಂದೆ ಟೌನ್ ಸೆಂಟರ್‌ಗೆ 100ರಂತೆ ಬದಲಾಯಿತು. 2022ರಲ್ಲಿ ಬಂದ ಗುರ್ಜರರಿಗೆ ಎರಡು ಹಣ್ಣಿನ ಪೊದೆ ಮೊದಲೇ ಸಿಕ್ಕವು.

ಈಗ ಗೆಲುವಿನ ಶೇಕಡಾವಾರು ಪಟ್ಟಿ ಹಿಡಿದು ವಾದ ನಡೆಯುತ್ತದೆ. ಹೊಸಬರು, ಪಳಗಿದವರು ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದರೆ ಚೈನೀಸ್ ದುರ್ಬಲ ಅಂತಲೇ ಕಾಣಬಹುದು, ಅಲ್ವಾ? ಹಾಗಂತ ಶುರುವಿನ ವ್ಯತ್ಯಾಸಗಳನ್ನೇ ತಟ್ಟಿ ಸಮ ಮಾಡಿದರೆ ಸಿವ್‌ಗಳ ಗುಣವೇ ಹೋಗುತ್ತದೆ. ಎಂಪೈರ್ ವಾರ್ಸ್ ಎಂಬ ಮೋಡ್‌ನಲ್ಲಂತೂ ಆಟ ಎರಡನೇ ಹಂತವಾದ ಫ್ಯೂಡಲ್ ಏಜ್‌ನಿಂದ, 27 ವಿಲೇಜರ್‌ಗಳೊಂದಿಗೆ ಶುರು. ಮೊದಲ ಕುರಿ ಹುಡುಕುವ ಪರದಾಟವೇ ಇಲ್ಲ. ಅಲ್ಲಿಗೆ ಬೇರೆಯದೇ ಪಟ್ಟಿ ಬೇಕು.