ಕೂಸು ಬಡವಾಗುವುದು ಹೇಗೆ?

ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಪಶ್ಚಿಮ ತುದಿಯಲ್ಲಿ ಸ್ಮೋಕಿ ಬೆಟ್ಟಸಾಲು ಇದೆ. ಕಾಡು, ಕಣಿವೆ, ಚದುರಿದ ಸಣ್ಣ ಊರುಗಳು. 1993ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೇನ್ ಕಾಸ್ಟೆಲೋ ಮತ್ತು ಅವರ ತಂಡ ಅಲ್ಲಿ 1,420 ಮಕ್ಕಳನ್ನು ಆರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿತು. ಮಕ್ಕಳ ವಯಸ್ಸು 9, 11 ಮತ್ತು 13. ಹಳ್ಳಿಗಾಡಿನ ಮಕ್ಕಳಲ್ಲಿ ಮಾನಸಿಕ ತೊಂದರೆ ಎಷ್ಟಿದೆ, ಅದಕ್ಕೆ ಚಿಕಿತ್ಸೆ ಸಿಗುತ್ತಿದೆಯೇ ಎಂದು ತಿಳಿಯುವುದು ತಂಡದ ಉದ್ದೇಶವಾಗಿತ್ತು. ವರ್ಷವರ್ಷವೂ ಮಗುವನ್ನು ಬೇರೆ, ಹೆತ್ತವರನ್ನು ಬೇರೆ ಕೂರಿಸಿಕೊಂಡು ಉದ್ದನೆಯ ಪ್ರಶ್ನೆಪಟ್ಟಿ ಕೇಳುತ್ತಿದ್ದರು. ನಿದ್ದೆ ಹೇಗೆ, ಜಗಳ ಎಷ್ಟು, ಕಳ್ಳತನ, ಸುಳ್ಳು, ಕುಡಿತ ಇದೆಯೇ, ಶಾಲೆ ಮುಗಿದ ಮೇಲೆ ಹುಡುಗ ಎಲ್ಲಿರುತ್ತಾನೆ ಎಂಬುದು ಮನೆಯವರಿಗೆ ಗೊತ್ತಿರುತ್ತದೆಯೇ, ಇಂಥವು.

ಈ ಮಕ್ಕಳಲ್ಲಿ ಸುಮಾರು ಕಾಲುಭಾಗ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನವರು. ಅಧ್ಯಯನ ಅರ್ಧ ದಾರಿಯಲ್ಲಿದ್ದಾಗ ಯಾರೂ ಎಣಿಸಿರದ ಒಂದು ಸಂಗತಿ ನಡೆಯಿತು. ಬುಡಕಟ್ಟಿನವರು ತಮ್ಮ ನೆಲದಲ್ಲಿ ಕ್ಯಾಸಿನೊ ತೆರೆದರು. ಲಾಭದ ಒಂದು ಪಾಲನ್ನು ಬುಡಕಟ್ಟಿನ ಪ್ರತಿಯೊಬ್ಬರಿಗೂ ಸಮನಾಗಿ ಹಂಚುವುದು ಎಂದು ತೀರ್ಮಾನವಾಯಿತು. ಅರ್ಜಿ ಇಲ್ಲ, ಷರತ್ತಿಲ್ಲ, ಕೆಲಸ ಮಾಡುತ್ತಿದ್ದೀಯಾ ಎಂಬ ವಿಚಾರಣೆ ಇಲ್ಲ. ಆರು ತಿಂಗಳಿಗೊಮ್ಮೆ ಹಣ. ದೊಡ್ಡವರ ಕೈಗೆ ವರ್ಷಕ್ಕೆ ಸರಾಸರಿ 4,000 ಡಾಲರ್ ಬರತೊಡಗಿತು. ಮಕ್ಕಳ ಪಾಲನ್ನು ಅವರು ದೊಡ್ಡವರಾಗುವವರೆಗೆ ಠೇವಣಿ ಇಟ್ಟರು. ಪಕ್ಕದ ಊರುಗಳ ಬಿಳಿಯ ಕುಟುಂಬಗಳಿಗೆ ಇದರಲ್ಲಿ ಚಿಕ್ಕಾಸೂ ಇಲ್ಲ.

ಸಂಶೋಧಕರಿಗೆ ಇದು ಕೇಳದೆಯೇ ಸಿಕ್ಕ ವರ. ಬಡವರ ಮನೆಯ ಮಕ್ಕಳಲ್ಲಿ ಮಾನಸಿಕ ತೊಂದರೆ ಜಾಸ್ತಿ ಎಂಬುದು ಹಳೆಯ ಸುದ್ದಿ. ಆದರೆ ಬಡತನದಿಂದ ತೊಂದರೆಯೋ, ತೊಂದರೆ ಇರುವ ಮನೆತನಗಳೇ ಬಡತನಕ್ಕೆ ಜಾರುತ್ತವೆಯೋ? ಇದನ್ನು ಬಿಡಿಸುವುದು ಬಹಳ ಕಷ್ಟ. ಒಂದಷ್ಟು ಮನೆಗಳನ್ನು ಆರಿಸಿ ಬೇಕೆಂದೇ ಬಡವರನ್ನಾಗಿ ಮಾಡಿ ನೋಡಲು ಆಗುತ್ತದೆಯೇ? ಇಲ್ಲಿ ಮನೆ ಅದೇ, ತಂದೆತಾಯಿ ಅವರೇ, ಮಗು ಅದೇ. ಬದಲಾದದ್ದು ವರಮಾನ ಮಾತ್ರ. ಅದೂ ಅವರ ಶ್ರಮದಿಂದಲೋ ಬುದ್ಧಿಯಿಂದಲೋ ಬಂದದ್ದಲ್ಲ.

ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹೊಸ ಹಣದಿಂದ ಚೆರೋಕಿ ಕುಟುಂಬಗಳಲ್ಲಿ ಶೇ. 14ರಷ್ಟು ಬಡತನದ ಗೆರೆ ದಾಟಿದ್ದವು. ಶೇ. 53ರಷ್ಟು ಹಣ ಬಂದರೂ ಗೆರೆಯ ಕೆಳಗೇ ಇದ್ದವು. ಉಳಿದವು ಮೊದಲೇ ಬಡವರಲ್ಲ. ಕ್ಯಾಸಿನೊಗೆ ಮುಂಚೆ, ಆಮೇಲೆ ಗೆರೆ ದಾಟಲಿದ್ದ ಮನೆಗಳ ಮಕ್ಕಳಲ್ಲಿ ತೊಂದರೆಯ ಲಕ್ಷಣಗಳು ಸರಾಸರಿ 4.28. ಬಡತನವೇ ಇಲ್ಲದ ಮನೆಗಳಲ್ಲಿ 2.75. ಹಣ ಬರಲು ಶುರುವಾಗಿ ಕೆಲವೇ ವರ್ಷಗಳಲ್ಲಿ ಈ ಅಂತರ ಅಳಿಸಿಹೋಯಿತು. ಬಡತನದಲ್ಲೇ ಉಳಿದ ಮನೆಗಳ ಮಕ್ಕಳಲ್ಲಿ ಲಕ್ಷಣಗಳು ಇಳಿಯಲಿಲ್ಲ.

ಇಲ್ಲಿ ಒಂದು ಕುತೂಹಲದ ವಿಷಯ ಇದೆ. ಇಳಿದದ್ದು ಒಂದು ಬಗೆಯ ತೊಂದರೆ ಮಾತ್ರ: ಹಟ, ಎದುರುತ್ತರ, ಹೊಡೆದಾಟ, ಕದಿಯುವುದು. ಆತಂಕ ಮತ್ತು ಖಿನ್ನತೆ ಇದ್ದಲ್ಲೇ ಇದ್ದವು. ದುಡ್ಡು ಮನಸ್ಸಿಗೆ ಸರ್ವರೋಗದ ಮದ್ದಾಗಿದ್ದರೆ ಎಲ್ಲವೂ ಒಟ್ಟಿಗೆ ತಗ್ಗಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಅಂದರೆ ದುಡ್ಡು ಯಾವುದೋ ಒಂದು ನಿರ್ದಿಷ್ಟ ದಾರಿಯಲ್ಲಿ ಮಗುವನ್ನು ತಲುಪುತ್ತಿತ್ತು.

ಯಾವ ದಾರಿ? ಒಳ್ಳೆಯ ಊಟ, ಒಳ್ಳೆಯ ಶಾಲೆ, ದೊಡ್ಡ ಮನೆ ಎಂದು ನಾವೆಲ್ಲ ಊಹಿಸುತ್ತೇವೆ. ಕಾಸ್ಟೆಲೋ ತಂಡದ ಲೆಕ್ಕದಲ್ಲಿ ಎದ್ದು ಕಂಡದ್ದು ಬೇರೆಯೇ: ಹೆತ್ತವರು ಮಗುವಿನ ಮೇಲೆ ಇಡುವ ಕಣ್ಣು. ಗೆರೆ ದಾಟಿದ ಮನೆಗಳಲ್ಲಿ ‘ಮಕ್ಕಳನ್ನು ನೋಡಿಕೊಳ್ಳಲು ಪುರಸೊತ್ತೇ ಸಿಗುವುದಿಲ್ಲ’ ಎನ್ನುವುದು ಕಡಿಮೆಯಾಗಿತ್ತು. ಮಗ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ ಎಂಬುದು ಅಪ್ಪ ಅಮ್ಮನಿಗೆ ಗೊತ್ತಿರತೊಡಗಿತ್ತು. ಮಕ್ಕಳ ಹಟ, ಹೊಡೆದಾಟ ಇಳಿದದ್ದರ ಬಹುಪಾಲನ್ನು ಇದೊಂದೇ ವಿವರಿಸುತ್ತಿತ್ತು. ಆಮೇಲೆ ರ‍್ಯಾಂಡಲ್ ಅಕೀ ಮತ್ತು ಕಾಸ್ಟೆಲೋ ಮೊದಲಾದವರು ಇದೇ ಮಕ್ಕಳ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ಗಂಡಹೆಂಡಿರ ನಡುವಿನ ಸಂಬಂಧವೂ ಹೆತ್ತವರು ಮತ್ತು ಮಕ್ಕಳ ಸಂಬಂಧವೂ ಸುಧಾರಿಸಿದ್ದು ಕಂಡಿತು. ತೀರಾ ಬಡ ಮನೆಗಳ ಮಕ್ಕಳು ಸರಾಸರಿ ಒಂದು ವರ್ಷ ಹೆಚ್ಚಿಗೆ ಓದಿದ್ದರು. ಹಣ ಬರುವಾಗ ಚಿಕ್ಕವರಾಗಿದ್ದವರಿಗೇ, ಅಂದರೆ ಆ ಮನೆಯಲ್ಲಿ ಹೆಚ್ಚು ವರ್ಷ ಬೆಳೆಯಲಿದ್ದವರಿಗೇ, ದೊಡ್ಡವರಾದ ಮೇಲೂ ಲಾಭ ಜಾಸ್ತಿ. 21ನೆಯ ವಯಸ್ಸಿನಲ್ಲಿ ಅವರಲ್ಲಿ ಕುಡಿತ, ಗಾಂಜಾದ ಸಮಸ್ಯೆ ಕಡಿಮೆ ಇತ್ತು.

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಎನ್ನುತ್ತೇವಲ್ಲ, ಅದಕ್ಕೆ ಈ ಸಂಶೋಧನೆಗಳು ಹಿಂದಿನ ಒಂದು ಕೊಂಡಿಯನ್ನು ಸೇರಿಸುತ್ತವೆ. ಮೊದಲು ಮನೆ ಬಡವಾಗುತ್ತದೆ. ಆಮೇಲೆ ಜಗಳ. ಆಮೇಲೆ ಕೂಸು.

ಈ ಸರಪಳಿಯನ್ನು ಕೊಂಡಿಕೊಂಡಿಯಾಗಿ ನೋಡಿದವರು ರ‍್ಯಾಂಡ್ ಕಾಂಗರ್. ಅಮೆರಿಕದ ಅಯೋವಾ ರಾಜ್ಯದ ರೈತರು 1980ರ ದಶಕದಲ್ಲಿ ಸಾಲದಲ್ಲಿ ಮುಳುಗಿದ್ದರು. ಬಡ್ಡಿ ಏರಿತ್ತು, ಜಮೀನಿನ ಬೆಲೆ ಕುಸಿದಿತ್ತು, ತಲೆಮಾರುಗಳ ಹೊಲ ಹರಾಜಿಗೆ ಬಂದಿತ್ತು. 1989ರಲ್ಲಿ ಕಾಂಗರ್, ಗ್ಲೆನ್ ಎಲ್ಡರ್ ಮೊದಲಾದವರು ಅಲ್ಲಿನ 451 ಕುಟುಂಬಗಳ ಅಧ್ಯಯನ ಆರಂಭಿಸಿದರು. ಪ್ರತಿ ಮನೆಯಲ್ಲೂ ಏಳನೆಯ ತರಗತಿಯ ಒಬ್ಬ ಹುಡುಗ ಅಥವಾ ಹುಡುಗಿ. ಅಪ್ಪ, ಅಮ್ಮ, ಮಕ್ಕಳನ್ನು ಅವರದೇ ಮನೆಯಲ್ಲಿ ಒಟ್ಟಿಗೆ ಕೂರಿಸಿ, ಮನೆಯಲ್ಲಿ ಯಾವ ವಿಷಯಕ್ಕೆ ಜಗಳವಾಗುತ್ತದೋ ಅದನ್ನೇ ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಹೇಳಿ ವಿಡಿಯೊ ಮಾಡಿಕೊಂಡರು. ಆ ಮನೆಯ ಪರಿಚಯವೇ ಇಲ್ಲದ, ತರಬೇತಿ ಪಡೆದ ಬೇರೆಯವರು ವಿಡಿಯೊ ನೋಡಿ ಯಾರು ಯಾರ ಮೇಲೆ ಎಷ್ಟು ರೇಗಿದರು, ಯಾರು ಯಾರಿಗೆ ಆಸರೆಯ ಮಾತಾಡಿದರು ಎಂದು ಅಂಕ ಕೊಟ್ಟರು.

ಅವರು ಕಂಡದ್ದು ಇದು. ವರಮಾನ ಎಷ್ಟು ಎಂಬ ಅಂಕಿ ನೇರವಾಗಿ ಮಗುವನ್ನು ತಟ್ಟುವುದಿಲ್ಲ. ಬಿಲ್ಲು ಕಟ್ಟಲು ಆಗುತ್ತಿಲ್ಲ, ತಿಂಗಳ ಕೊನೆಗೆ ಏನೂ ಮಿಗುತ್ತಿಲ್ಲ, ಇದ್ದದ್ದರಲ್ಲೇ ಇನ್ನಷ್ಟು ಕಡಿಮೆ ಮಾಡಬೇಕು ಎನ್ನುವ ದಿನನಿತ್ಯದ ಒತ್ತಡ ಮೊದಲು ಹೆತ್ತವರ ಮನಸ್ಸನ್ನು ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸು ಗಂಡಹೆಂಡಿರ ನಡುವೆ ಸಿಡುಕಾಗುತ್ತದೆ. ಆ ಸಿಡುಕು ಮಕ್ಕಳ ಕಡೆಗೆ ತಿರುಗುತ್ತದೆ, ಇಲ್ಲವೇ ಮಕ್ಕಳನ್ನು ವಿಚಾರಿಸುವುದೇ ತಪ್ಪಿಹೋಗುತ್ತದೆ. ಎಲ್ಡರ್ ಇದನ್ನು ಮೊದಲೇ ಬೇರೊಂದು ಕಡೆ ಕಂಡಿದ್ದರು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ಮಕ್ಕಳ ದಾಖಲೆಗಳಲ್ಲಿ, ಕೆಲಸ ಕಳೆದುಕೊಂಡ ಅಪ್ಪಂದಿರ ಸಿಟ್ಟೇ ಮಕ್ಕಳಿಗೆ ಎದುರಾದ ಬಡತನ. ಆದರೆ ಗಂಡಹೆಂಡಿರ ಹೊಂದಾಣಿಕೆ ಮುಂಚಿನಿಂದಲೂ ಗಟ್ಟಿಯಾಗಿದ್ದ ಮನೆಗಳಲ್ಲಿ ಅಷ್ಟೇ ನಷ್ಟ ಅಷ್ಟು ಜಗಳ ತರಲಿಲ್ಲ.

ನಮ್ಮ ಪಕ್ಕದ ತಮಿಳುನಾಡಿನಲ್ಲೂ ಇಂಥದೊಂದು ಅಧ್ಯಯನ ನಡೆದಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ದಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವ್ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಭೇಟಿಯಾದರು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟಾವಿಗೆ ಮುಂಚೆ ಕೈಸಾಲ, ಒಡವೆ ಅಡ ಇಡುವುದು. ದುಡ್ಡು ಬಂದ ಮೇಲೆ ಬಿಡಿಸಿಕೊಳ್ಳುವುದು. ಬಿಟ್ಟುಹೋದ ಚಿತ್ರದ ತುಣುಕನ್ನು ಗುರುತಿಸುವ ರಾವೆನ್ ಪರೀಕ್ಷೆಯಲ್ಲಿ ಅದೇ ರೈತರು ಕಟಾವಿನ ನಂತರ ಚೆನ್ನಾಗಿ ಮಾಡಿದರು, ಮುಂಚೆ ಎಡವಿದರು. 2013ರಲ್ಲಿ ಬಂದ ಈ ಲೇಖನದ ಮೇಲೆ ಚರ್ಚೆಗಳು ಆಗಿವೆ. ಅದೇನೇ ಇರಲಿ, ತಲೆಯ ತುಂಬಾ ಸಾಲವೇ ಇರುವಾಗ ಮಗಳು ಶಾಲೆಯ ವಿಷಯ ಏನೋ ಹೇಳಲು ಬಂದರೆ ಅರ್ಧ ಕಿವಿಯಲ್ಲಿ ಕೇಳುತ್ತೇವೆ ಎಂಬುದು ಸಾಲ ಮಾಡಿದವರಿಗೆಲ್ಲ ಗೊತ್ತು.

ಹಾಗಾದರೆ ದುಡ್ಡು ಏರಿದಂತೆಲ್ಲ ನೆಮ್ಮದಿಯೂ ಏರುತ್ತಾ ಹೋಗುತ್ತದೆಯೇ? ಈ ಪ್ರಶ್ನೆಗೆ ಸಿಕ್ಕ ಉತ್ತರದ ಕಥೆಯೇ ಒಂದು ಸ್ವಾರಸ್ಯ. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್, ಅಮೆರಿಕನ್ನರ ನಾಲ್ಕೂವರೆ ಲಕ್ಷ ಉತ್ತರಗಳನ್ನು ನೋಡಿ, ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದಿನದ ಸಂತೋಷ ಏರುವುದಿಲ್ಲ ಎಂದರು. ಈ ಮಾತು ಎಲ್ಲ ಕಡೆ ಹರಡಿತು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ಥ್, 33,391 ಜನರ ಫೋನಿಗೆ ದಿನದ ಯಾವುದೋ ಒಂದು ಹೊತ್ತಿನಲ್ಲಿ ‘ಈಗ ಹೇಗನಿಸುತ್ತಿದೆ’ ಎಂಬ ಪ್ರಶ್ನೆ ಕಳಿಸಿ, ಇಲ್ಲ, ಏರುತ್ತಲೇ ಇರುತ್ತದೆ ಎಂದರು. ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ಥ್ ಕಿತ್ತಾಡುವ ಬದಲು ಬಾರ್ಬರಾ ಮೆಲ್ಲರ್ಸ್ ಅವರನ್ನು ನಡುವೆ ಕೂರಿಸಿಕೊಂಡು ಒಟ್ಟಿಗೆ ಲೆಕ್ಕ ಮಾಡಿದರು. 2023ರಲ್ಲಿ ಬಂದ ಉತ್ತರ: ಬಹುತೇಕರಿಗೆ ಏರುತ್ತದೆ. ಆದರೆ ಅತ್ಯಂತ ದುಃಖಿಗಳಾದ ಸುಮಾರು ಐದನೇ ಒಂದು ಭಾಗ ಜನರಿಗೆ 1 ಲಕ್ಷ ಡಾಲರಿನ ಆಸುಪಾಸಿನಲ್ಲಿ ಏರಿಕೆ ನಿಂತುಹೋಗುತ್ತದೆ. ಅಲ್ಲಿಂದಾಚೆಗೆ ಉಳಿಯುವ ನೋವು ಪ್ರೀತಿ ಮುರಿದದ್ದು, ಹತ್ತಿರದವರು ತೀರಿಕೊಂಡದ್ದು, ಖಿನ್ನತೆ ಇಂಥವು ಇರಬಹುದು ಎಂದು ಅವರು ಊಹಿಸಿದರು.

ಏರುತ್ತದೆ ಅಂದರೂ ಅದು ಸಾಕಷ್ಟು ಜಿಪುಣ ಏರಿಕೆ. ತಿಂಗಳಿಗೆ 20,000 ರೂಪಾಯಿ ಬರುವ ಮನೆಗೆ ಇನ್ನೂ 20,000 ಸೇರಿದರೆ ಆಗುವಷ್ಟು ಹಿಗ್ಗು 2 ಲಕ್ಷದ ಮನೆಗೆ ಆಗಬೇಕಾದರೆ ಇನ್ನೂ 2 ಲಕ್ಷವೇ ಬೇಕು ಎಂಬ ಧಾಟಿಯ ಲೆಕ್ಕ ಅದು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು 2010ರ ಲೇಖನದಲ್ಲೇ ಇದ್ದ, ಯಾರೂ ಅಷ್ಟಾಗಿ ಹೇಳದ ಇನ್ನೊಂದು ಸಂಗತಿ. ವಿಚ್ಛೇದನ, ಕಾಯಿಲೆ, ಒಂಟಿತನ ಎಲ್ಲರಿಗೂ ನೋವೇ. ಆದರೆ ವರಮಾನ ಕಡಿಮೆ ಇದ್ದವರಿಗೆ ಅದೇ ನೋವು ಇನ್ನೂ ಜೋರಾಗಿ ತಾಗುತ್ತದೆ.

ಹಾರ್ವರ್ಡ್‌ನ ಪ್ರಸಿದ್ಧ ಅಧ್ಯಯನದ ಮಾತು ಬಂದಾಗಲೆಲ್ಲ ಇದನ್ನು ಜೊತೆಗೆ ಇಟ್ಟುಕೊಳ್ಳಬೇಕು. 1938ರಲ್ಲಿ ಶುರುವಾದ ಅದು 724 ಗಂಡಸರನ್ನು ಹರೆಯದಿಂದ ಮುಪ್ಪಿನವರೆಗೆ ಹಿಂಬಾಲಿಸಿತು. ಕೆಲವರು ಹಾರ್ವರ್ಡ್ ವಿದ್ಯಾರ್ಥಿಗಳು, ಮಿಕ್ಕವರು ಬಾಸ್ಟನ್ನಿನ ಬಡ ಬಡಾವಣೆಗಳ ಹುಡುಗರು. 50ರಲ್ಲಿ ಸಂಬಂಧಗಳಲ್ಲಿ ತೃಪ್ತಿ ಇದ್ದವರು 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಎಂಬುದು ಅದರ ಹೆಸರಾದ ಫಲಿತಾಂಶ. ‘ನೋಡಿ, ದುಡ್ಡಲ್ಲ, ಪ್ರೀತಿ ಮುಖ್ಯ’ ಎಂದು ಅದನ್ನು ಹಂಚಿಕೊಳ್ಳುತ್ತಾರೆ. ಹೊಟ್ಟೆ ತುಂಬಿದವರಿಗೆ ಈ ಮಾತು ಬಹಳ ರುಚಿ.

ಆ ಅಧ್ಯಯನದ ಒಳಗಿರುವ ಸಣ್ಣ ಲೆಕ್ಕಗಳು ನನಗೆ ಹೆಚ್ಚು ಇಷ್ಟ. ಈಗಿನ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಮತ್ತು ಮಾರ್ಕ್ ಶುಲ್ಜ್ 80ರ ಆಸುಪಾಸಿನ 47 ದಂಪತಿಗಳಿಗೆ ಎಂಟು ದಿನ, ಪ್ರತಿದಿನವೂ, ಇವತ್ತು ಮೈಕೈ ನೋವು ಹೇಗಿದೆ, ಮನಸ್ಸು ಹೇಗಿದೆ ಎಂದು ಕೇಳಿದರು. ದಾಂಪತ್ಯ ಹಿತವಾಗಿದ್ದವರಿಗೆ ನೋವು ಜಾಸ್ತಿಯಾದ ದಿನವೂ ಮನಸ್ಸು ಅಷ್ಟಾಗಿ ಕುಸಿಯಲಿಲ್ಲ. ಇನ್ನೊಂದು ಲೇಖನದಲ್ಲಿ ಅವರು 81 ಗಂಡಸರ ಬಾಲ್ಯದ ಮನೆ ಹೇಗಿತ್ತೆಂದು ಹಳೆಯ ಕಡತಗಳಿಂದ ಅಳೆದು, 60 ವರ್ಷಗಳ ನಂತರದ ದಾಂಪತ್ಯದ ಜೊತೆ ಹೋಲಿಸಿದರು. ಬೆಚ್ಚಗಿನ ಮನೆಯಲ್ಲಿ ಬೆಳೆದವರು ನಡುವಯಸ್ಸಿನಲ್ಲಿ ಸಿಟ್ಟು, ಬೇಸರವನ್ನು ಚೆನ್ನಾಗಿ ನಿಭಾಯಿಸುತ್ತಿದ್ದರು. ಮುಪ್ಪಿನಲ್ಲಿ ಹೆಂಡತಿಯ ಆಸರೆಯನ್ನು ಹೆಚ್ಚು ನೆಚ್ಚಿಕೊಂಡಿದ್ದರು. ಈ ನಂಟು ದೊಡ್ಡದೇನಲ್ಲ. ಆದರೂ 60 ವರ್ಷ ಬಾಳುವ ಸಣ್ಣ ನಂಟು ಅಂದರೆ ಸುಮ್ನೆ ಮಾತಲ್ಲ.

ಚೆರೋಕಿ ಹಣದ ಇನ್ನೊಂದು ಮುಖವನ್ನೂ ಹೇಳಬೇಕು. ದೊಡ್ಡ ಗಂಟು ಒಮ್ಮೆಗೇ ಕೈಸೇರುತ್ತಿದ್ದ ತಿಂಗಳುಗಳಲ್ಲಿ ಅಪಘಾತದ ಸಾವುಗಳು ಏರುತ್ತಿದ್ದವು ಎಂದು 2011ರಲ್ಲಿ ಟಿಮ್ ಬ್ರಕ್ನರ್ ಮತ್ತು ಸಂಗಡಿಗರು ತೋರಿಸಿದರು. ಹಣ ಎಷ್ಟು ಎಂಬಂತೆ ಅದು ಯಾವಾಗ, ಯಾವ ಲಯದಲ್ಲಿ ಬರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಕರ್ನಾಟಕದಲ್ಲಿ 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತಿದ್ದಾರೆ. ಇದರ ಮೇಲೆ ನಮ್ಮಲ್ಲಿ ನಡೆಯುವ ಜಗಳವೆಲ್ಲ ಬಜೆಟ್ಟಿಗೆ ಎಷ್ಟು ಹೊರೆ, ಹೆಂಗಸರು ಆ ದುಡ್ಡಿನಲ್ಲಿ ಫ್ರಿಜ್ ತಗೊಂಡರೋ ಚಿನ್ನ ತಗೊಂಡರೋ ಎಂಬುದರ ಸುತ್ತಲೇ. ಸ್ಮೋಕಿ ಬೆಟ್ಟದ ಸಂಶೋಧಕರು ಕೇಳಿದಂಥ ಪ್ರಶ್ನೆಗಳನ್ನು ಇಲ್ಲಿಯೂ ಕೇಳಬೇಕು: ತಿಂಗಳ ಕೊನೆಯ ಜಗಳ ಕಡಿಮೆಯಾಯಿತೇ, ಮಕ್ಕಳನ್ನು ವಿಚಾರಿಸಲು ಪುರಸೊತ್ತು ಸಿಕ್ಕಿತೇ, ಹೆಂಡತಿಯ ಹೆಸರಿಗೆ ಹಣ ಬಂದದ್ದರಿಂದ ಗಂಡ ತಣ್ಣಗಾದನೇ ಅಥವಾ ಇನ್ನೂ ರೇಗಿದನೇ. ಮುಂಚಿನ ಒಂದು ಅಳತೆಯಂತೂ ನಮ್ಮ ಹತ್ತಿರ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಯೋಜನೆ ಶುರುವಾದ ನಂತರದ ಸುತ್ತಿನ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟು, ಹಣ ಬರುವ ಮನೆಗಳನ್ನೂ ಬರದ ಮನೆಗಳನ್ನೂ ಬೇರೆ ಬೇರೆಯಾಗಿ ನೋಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ ಮತ್ತು ಅರ್ಥಶಾಸ್ತ್ರ ವಿಭಾಗಗಳು ಸೇರಿ ಮಾಡಬಹುದು.